ಪೆಂಡುರ್ತಿಯ ಪುಕ್ಕಲು ಪಾದ್ರಿ

ಉದಯ್ ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸುವಾರ್ತೆ ಸಾರಲು ಹೊರಟ ಹುಡುಗನೆಂದರೆ ಯಾರಿಗೂ ಅಂಜದವನು ಎಂದು ಜನ ಎಣಿಸುತ್ತಾರೆ. ಇವನೋ, ಬೀದಿನಾಯಿ ಕಂಡರೆ ರಸ್ತೆಯ ಆ ಬದಿಗೆ ದಾಟುವವನು. ಚಾಮರಾಜನಗರದ ಮೇಷ್ಟ್ರೊಬ್ಬರ ಮಗ. ವಿಜಯವಾಡದ ಭವಾನಿಪುರಂನಲ್ಲಿ ಪಾದ್ರಿಯ ತರಬೇತಿ ಮುಗಿಸಿದ. ಅದೇ ಊರಿನ ಗವರ್ನರ್‌ಪೇಟೆಯ ಮಿಷನ್ ಕಚೇರಿಯ ಹಿರಿಯರಾದ ದೇವದಾನಂ ಅವರು, ಕನ್ನಡ ಬರುವವನು ನೀನೊಬ್ಬನೇ ಎಂದು ವಿಶಾಖಪಟ್ಟಣಕ್ಕೆ ಕಳಿಸಿಬಿಟ್ಟರು. ಆಗುವುದಿಲ್ಲ ಎನ್ನಲಿಕ್ಕೂ ಧೈರ್ಯ ಬೇಕಲ್ಲ! ಅದಿಲ್ಲದೆ ಒಪ್ಪಿಕೊಂಡು ಬಂದ.

ಊರಂಚಿನ ಪೆಂಡುರ್ತಿಯಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟೊಂದರ ಹಿಂದೆ, ತಗಡಿನ ಶೆಡ್ಡುಗಳಲ್ಲಿ ಕೊಪ್ಪಳದ ಕಡೆಯ ಕೂಲಿಗಳಿದ್ದರು. ಉದಯನ ದಿನವೆಲ್ಲ ಅವರ ಸುತ್ತಲೇ ಕಳೆಯುತ್ತಿತ್ತು. ಬೆಳಿಗ್ಗೆ ಬಸುರಿಯರ ಜೊತೆ ಆಸ್ಪತ್ರೆಗೆ ಹೋಗಿ, ತೆಲುಗಿನ ನರ್ಸಮ್ಮನಿಗೂ ಅವರಿಗೂ ನಡುವೆ ನಿಂತು ಮಾತು ದಾಟಿಸಬೇಕು. ಮಧ್ಯಾಹ್ನ ಶೆಡ್ಡಿನಲ್ಲಿ ಉಳಿದ ಮಕ್ಕಳಿಗೆ ಅಕ್ಷರ ತಿದ್ದಿಸಬೇಕು. ಸಂಜೆ ದೊಡ್ಡವರು ಕೈಕಾಲಿನ ಸಿಮೆಂಟು ತೊಳೆದುಕೊಂಡು ಬಂದ ಮೇಲೆ, ಕೇಳುವವರಿದ್ದರೆ ಒಂದು ಪ್ರಾರ್ಥನೆ. ಬೈಬಲ್ಲು ಚೀಲದ ತಳದಲ್ಲಿ ಊಟದ ಡಬ್ಬಿಯ ಕೆಳಗೆ ಇರುತ್ತಿತ್ತು. ಮತಾಂತರ ಮಾಡಲು ಬಂದವನೆಂದು ಯಾರಾದರೂ ಹಿಡಿದು ಬಡಿದಾರು ಎಂಬ ಭಯ ಅವನಿಗೆ ಬೆಳಗಿನ ಕಾಫಿಯ ಜೊತೆಗೇ ಶುರುವಾಗುತ್ತಿತ್ತು. ಹಿಂದೆ ಬೈಕು ನಿಧಾನವಾದರೆ ಸಾಕು, ಪಕ್ಕದ ಅಂಗಡಿಯೊಳಗೆ ನುಗ್ಗುತ್ತಿದ್ದ.

ಆದರೆ ಕೇಡು ಬಂದದ್ದು ಬೈಕಿನಿಂದಲ್ಲ, ಅವನದೇ ಬಾಯಿಂದ. ಒಂದು ಸಂಜೆ ಪ್ರಾರ್ಥನೆಯ ಭರದಲ್ಲಿ, "ನಿಮ್ ಪಾಪಾನೆಲ್ಲ ಅವ್ನ ಕೈಗೆ ಕೊಟ್ಬುಡಿ. ಅವ್ನು ಹೊತ್ಕೊಂಡು ಹೋಗ್ತಾನೆ," ಎಂದು ಗಟ್ಟಿಯಾಗಿ ಹೇಳಿದ. ಕನ್ನಡದವರು ತಲೆದೂಗಿದರು. ಮರಳಿನ ಗುಡ್ಡೆಯ ಮೇಲೆ ಕೂತಿದ್ದ ವಾಚ್‌ಮನ್ ಬಾಬ್ಜಿಗೆ ಮಾತ್ರ ಬೇರೆಯೇ ಕೇಳಿಸಿತು. ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣುಮಗು. ಕೂಲಿಗಳ ಜೊತೆಗಿದ್ದು ಅವನು ಕೊಡು, ಹೋಗು ಎಂಬಂಥ ನಾಲ್ಕು ಕನ್ನಡದ ಮಾತು ಕಲಿತಿದ್ದ. ಹೆಣ್ಣುಮಕ್ಕಳನ್ನು ಯಾರದೋ ಕೈಗೆ ಕೊಡಿ, ಅವನು ಒಯ್ಯುತ್ತಾನೆ ಎಂದು ಈ ಪಾದ್ರಿ ಹೇಳುತ್ತಿದ್ದಾನಲ್ಲ! ಆ ವಾರ ಊರಿನ ಫೋನುಗಳಲ್ಲೆಲ್ಲ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಹರಿದಾಡುತ್ತಿತ್ತು. ಬಾಬ್ಜಿ ಎರಡನ್ನೂ ಗಂಟು ಹಾಕಿದ. ಉದಯನಿಗೆ ಇದೊಂದೂ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ರಾಜಮ್ಮನ ಮಗಳು ಹುಲಿಗೆಮ್ಮನಿಗೆ ಜ್ವರ ನೆತ್ತಿಗೇರಿತು. ಇನ್ನೂ ಸರಿಯಾಗಿ ಮಾತು ಬಾರದ ಕೂಸು. ಅಕ್ಷರ ತಿದ್ದಿಸುತ್ತಿದ್ದ ಉದಯ್ ನೋಡನೋಡುತ್ತಲೇ ಅದರ ಕಣ್ಣು ಮೇಲೆ ಸಿಕ್ಕಿಕೊಂಡವು, ಕೈಕಾಲು ಸೆಟೆದವು. ತಾಯಿ ಮೇಲೆ ತಾರಸಿಗೆ ಕಾಂಕ್ರೀಟು ಹೊರುತ್ತಿದ್ದಳು. ಮಿಕ್ಸರಿನ ಸದ್ದಿನಲ್ಲಿ ಕೂಗಿದರೂ ಕೇಳುವಂತಿರಲಿಲ್ಲ.

ಶೆಡ್ಡಿನಲ್ಲಿದ್ದ ಮುದುಕಿ, "ಎತಗೊಂಡು ಓಡ್ರೀ ಅಣ್ಣಾರ! ನಾ ಅಕಿಗೆ ಹೇಳತೀನಿ," ಎಂದು ಬಾಯಿ ಬಡಿದುಕೊಂಡಳು. ಉದಯ್ ಚೀಲವನ್ನು ಅಲ್ಲೇ ಬಿಟ್ಟು, ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಓಡಿದ. ಗೇಟಿನಲ್ಲಿ ಬಾಬ್ಜಿ ಏನೋ ಕೂಗಿದ. ನಿಲ್ಲಲಿಲ್ಲ. ಸಿಕ್ಕ ಆಟೋ ಹತ್ತಿದ.

ಬಾಬ್ಜಿಗೆ ಫೋನಿತ್ತು. ಮುಂದಿನ ಜಂಕ್ಷನ್ನಿಗೆ ಬರುವಷ್ಟರಲ್ಲಿ ಬೈಕುಗಳು ಅಡ್ಡ ನಿಂತಿದ್ದವು. ಜನ ಸೇರಿತು. ಸಾಯಿಕಿರಣ್ ಎಂದು ಉಳಿದವರು ಕರೆಯುತ್ತಿದ್ದ ಗಡ್ಡದ ಯುವಕ ಉದಯನ ಕೊರಳಪಟ್ಟಿ ಹಿಡಿದು ಹೊರಗೆಳೆದ. ಯಾರದೋ ಕೈ ಬೆನ್ನಿಗೆ ಬಿತ್ತು. ತೋಳಿನಲ್ಲಿದ್ದ ಮಗುವಿನ ಬಾಯಿಯಂಚಿನಲ್ಲಿ ನೊರೆ ಬರುತ್ತಿತ್ತು. ಎಲ್ಲರೂ ಇವನ ಮುಖ ನೋಡುತ್ತಿದ್ದರೇ ಹೊರತು ಅದರ ಮುಖ ನೋಡಲಿಲ್ಲ. ಇನ್ನು ಸ್ವಲ್ಪ ತಡವಾದರೆ ಈ ಕೂಸು ನನ್ನ ಕೈಯಲ್ಲೇ ಹೋಗುತ್ತದೆ, ಆಮೇಲೆ ನಾನೂ ಉಳಿಯುವುದಿಲ್ಲ ಎಂದು ಉದಯನಿಗೆ ಖಾತ್ರಿಯಾಯಿತು.

"ಪಾಪ ಎವರಿದಿ?" ಎಂದು ಸಾಯಿಕಿರಣ್ ಗದರಿದ.

ಮಗು ಯಾರದು ಎಂದು ಅವನು ಕೇಳಿದ್ದು. ಆದರೆ ಅಂಜಿಕೆಯಲ್ಲಿ ಉದಯನ ತಲೆಯಿಂದ ತೆಲುಗೆಲ್ಲ ಹಾರಿಹೋಗಿತ್ತು. ಮಾಡಿದ ಪಾಪ ಯಾರದು ಎಂದೇ ಅವನಿಗೆ ಕೇಳಿಸಿತು. "ನಂದು! ನಂದೇ!" ಎಂದು ಅತ್ತುಬಿಟ್ಟ.

ಹಿಡಿದ ಕೈ ತುಸು ಸಡಿಲವಾಯಿತು. "ನೀ ಕೂತುರಾ?" ನಿನ್ನ ಮಗಳಾ? ಹೆಸರೇನು? ಎಂದು ಇನ್ನೊಬ್ಬ ಕೇಳಿದ. ಆಗ ಉದಯನಿಗೆ ತಾನು ಹೇಳಿದ್ದೇನು, ಇವರು ತಿಳಿದದ್ದೇನು ಎಂಬುದು ಹೊಳೆಯಿತು. ತಿದ್ದಲು ಹೋಗಲಿಲ್ಲ.

"ಹುಲಿಗೆಮ್ಮ. ಮಾ ಊರಿ ಅಮ್ಮವಾರಿ ಪೇರು," ಎಂದ. ನಮ್ಮೂರ ದೇವಿಯ ಹೆಸರು ಎಂದು. ಅವನ ಊರಿನ ದೇವಿಯೂ ಅಲ್ಲ, ಅವನ ದೇವರೂ ಅಲ್ಲ.

"ಪಾದ್ರಿ ನುವ್ವೇನಾ?" ಆ ಪಾದ್ರಿ ನೀನೇ ಅಲ್ಲವೇ ಎಂದ ಸಾಯಿಕಿರಣ್, ಇನ್ನೂ ಅನುಮಾನದಲ್ಲಿ.

"ಕಾದಂಡಿ. ಬ್ಯಾಂಕ್‌ಲೋ ಪನಿ." ಅಲ್ಲ ಸ್ವಾಮಿ, ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ಬಂದ ಕನ್ನಡದ ಬ್ಯಾಂಕಿನವರು ಊರಲ್ಲಿ ಬೇಕಾದಷ್ಟಿದ್ದರು. ಇಷ್ಟು ಸಲೀಸಾಗಿ ತನಗೆ ಸುಳ್ಳು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಪಾದ್ರಿಯಾದವನು ಮಗಳಿಗೆ ಅಮ್ಮವಾರಿಯ ಹೆಸರಿಡುತ್ತಾನೆಯೇ ಎಂದು ಗುಂಪಿನಲ್ಲಿ ಯಾರೋ ಅಂದರು. ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಮುಂದೆ ಬಂದು ಮಗುವಿನ ಹಣೆ ಮುಟ್ಟಿ, ಕೂಸು ಸಾಯುತ್ತಿದೆ, ನಿಮಗೆ ಕಣ್ಣಿಲ್ಲವೇ ಎಂದು ಎಲ್ಲರಿಗೂ ಬೈದಳು. ಬೈಕುಗಳು ಸರಿದವು. ಸಾಯಿಕಿರಣನೇ ಮುಂದೆ ಹಾರನ್ ಹೊಡೆಯುತ್ತ ಆಸ್ಪತ್ರೆಯವರೆಗೆ ದಾರಿ ಬಿಡಿಸಿಕೊಟ್ಟ.

ಇಂಜೆಕ್ಷನ್ ಕೊಟ್ಟ ಮೇಲೆ ಸೆಳೆತ ನಿಂತಿತು. ಉದಯ್ ಮಂಚದ ಪಕ್ಕ ಕುಸಿದು ಕೂತ. ಹೊರಗೆ ಯಾರದೇ ಹೆಜ್ಜೆ ಕೇಳಿದರೂ, ನಿಜ ತಿಳಿದು ವಾಪಸ್ ಬಂದರು ಎಂದು ಬಾಗಿಲಿನ ಕಡೆ ತಿರುಗಿ ನೋಡುತ್ತಿದ್ದ. ಮಗುವಿಗಾಗಿ ಸುಳ್ಳು ಹೇಳಿದೆ ಎಂದು ತನಗೆ ತಾನೇ ಹೇಳಿಕೊಂಡ. ಅರ್ಧ ನಿಜ. ಉಳಿದರ್ಧ ಬೆನ್ನಿಗೆ ಬಿದ್ದ ಆ ಏಟಿನದು.

ಸಂಜೆ ರಾಜಮ್ಮ ಬಂದಳು. ಮೊಣಕೈವರೆಗೆ ಸಿಮೆಂಟು ಒಣಗಿತ್ತು. ಮಗಳ ಮೈ ತಡವಿ, ಉಸಿರು ನೋಡಿ, ಇವನ ಕಾಲು ಮುಟ್ಟಲು ಬಂದಳು. ಉದಯ್ ಹಿಂದೆ ಸರಿದ.

"ಏಳಕ್ಕ, ಬೇಡ. ಏನೂ ಆಗಿಲ್ಲ ಈಗ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅಣ್ಣಾರ, ಮೇಸ್ತ್ರಿ ಬಂದಿದ್ದರಿ. ಬಾಬ್ಜಿ ಏನೇನೋ ಹೇಳ್ಯಾನ. ಪಾದ್ರಿ ಇನ್ನೊಮ್ಮಿ ಶೆಡ್ಡಿಗೆ ಬಂದ್ರ ನಮ್ಮ ಗಂಟುಮೂಟಿ ಎಲ್ಲಾ ಹೊರಗ ಒಗೀತೀನಿ ಅಂದಾನ. ನೀವು... ಇನ್ನ ಮ್ಯಾಗ ಬರಬ್ಯಾಡ್ರಿ."

"ಆಯ್ತಕ್ಕ," ಎಂದ ಉದಯ್.

ಅಂದ ಕ್ಷಣವೇ ಮೈಯೆಲ್ಲ ಹಗುರಾಯಿತು. ನಾಳೆ ಆ ಗೇಟು ದಾಟಬೇಕಾಗಿಲ್ಲ, ಆ ಜಂಕ್ಷನ್ನಿನಲ್ಲಿ ತಲೆ ತಗ್ಗಿಸಿ ನಡೆಯಬೇಕಾಗಿಲ್ಲ. ತಿಂಗಳುಗಳ ಮೇಲೆ ಅವನು ಎದೆ ತುಂಬ ಉಸಿರೆಳೆದುಕೊಂಡ. ರಾಜಮ್ಮ ಅದನ್ನು ನೋಡಿದಳು.

"ಇಷ್ಟ ಲಗೂನ ಹೂಂ ಅಂತೀರಂತ ನಾ ತಿಳದಿದ್ದಿಲ್ರಿ," ಎಂದಳು ಮೆಲ್ಲಗೆ.

ಉದಯ್ ಬಾಯಿ ತೆರೆದ. ನಾಳೆಯೂ ಬರುತ್ತೇನೆ ಎನ್ನುವ ಬದಲು, ಶೆಡ್ಡಿನಲ್ಲಿ ಉಳಿದ ತನ್ನ ಚೀಲವನ್ನು ಯಾರ ಕೈಯಲ್ಲಾದರೂ ಕಳಿಸಲು ಹೇಳಿದ. ರಾಜಮ್ಮ ಇವನಿಗೆ ಬೆನ್ನು ಮಾಡಿ ಮಗಳ ಪಕ್ಕದಲ್ಲಿ ಕೂತಳು.