ಪೆಟ್ಟಿಗೆಯ ಮೇಲಿನ ಮಾಲೆ

ಸೇನೆಯ ಬಿಡಿಭಾಗ ಸಾಗಿಸುವ ನಮಗೆ, ಲಾರಿಯಲ್ಲಿ ಏನಿದೆಯೆಂದು ದಾರಿಯಲ್ಲಿ ಯಾರಿಗೂ ಹೇಳುವಂತಿಲ್ಲ. ಯಮಕನಮರಡಿಯಲ್ಲಿ ಚಹಾಕ್ಕೆ ನಿಂತಾಗ, ಹಗ್ಗ ಬಿಗಿಮಾಡಲು ಹಿಂಬಾಗಿಲು ತೆಗೆದೆವು. ಒಳಗೆ ಆಳುದ್ದದ ಮರದ ಪೆಟ್ಟಿಗೆ, ಪಕ್ಕದಲ್ಲಿ ಬಂದೂಕು ಹಿಡಿದ ಇಬ್ಬರು ಸಿಪಾಯಿಗಳು. ಚಹಾದಂಗಡಿಯಾಕೆ ನೋಡಿದವಳೇ ತಲೆಗೆ ಸೆರಗು ಎಳೆದುಕೊಂಡು, ದೇವರ ಫೋಟೋದ ಮಾಲೆ ತೆಗೆದು ತಂದಳು.

"ಯಾವೂರ ಹುಡುಗರಿ, ಸಾಹೇಬ್ರ?"

"ಯಾರೂ ಇಲ್ರಿ ಯವ್ವಾ, ಬರೇ ಸಾಮಾನೈತಿ."

"ಖರೆ ಹೇಳ್ರಿ. ನನ್ನ ಮಗಾನೂ ಮಿಲಿಟ್ರ್ಯಾಗ ಅದಾನ."

ಮಾಲೆ ಹಿಡಿದು ಲಾರಿಯ ಹಿಂಬಾಗಿಲಿಗೇ ಬಂದು ನಿಂತಳು. ನಿಯಮ ಹಾಳಾಗಲಿ ಅನ್ನಿಸಿತು.

"ಹೆಲಿಕಾಪ್ಟರಿನ ರೆಕ್ಕಿ ಐತ್ರಿ."

ಆಕೆ ಅಲ್ಲೇ ಕುಸಿದು ಕೂತು ನಕ್ಕಳು. ಆಮೇಲೆ ಎದ್ದು, ಮಾಲೆಯನ್ನು ಪೆಟ್ಟಿಗೆಗೇ ಹಾಕಿದಳು. "ಈ ರೆಕ್ಕಿಮ್ಯಾಲೆ ಹಾರಿ ಹೋದ ಹುಡುಗ್ರು ಸುಖವಾಗಿ ತಿರುಗಿ ಬರ್ಲಿ."

ಅದನ್ನು ತೆಗೆಯಲು ನಮಗ್ಯಾರಿಗೂ ಮನಸ್ಸಾಗಲಿಲ್ಲ. ಪೆಟ್ಟಿಗೆ ಇಳಿಸಿಕೊಂಡ ಉಗ್ರಾಣದ ಹವಾಲ್ದಾರ ಮಾಲೆ ಎತ್ತಿ ಹಿಡಿದು, ಗಂಭೀರವಾಗಿ ಕೇಳಿದ: "ಸರ್, ಇದರ ಪಾರ್ಟ್ ನಂಬರ್ ಏನು?"