ಬಂಗುಡೆ ಬಿಟ್ಟ ಬಸ್ತ್ಯಾಂವ

ಬ್ರಹ್ಮಾವರ ಪೇಟೆಯಲ್ಲಿ ದರ್ಜಿ ಬಸ್ತ್ಯಾಂವನಂಥ ದೇವಭಕ್ತ ಇನ್ನೊಬ್ಬನಿರಲಿಲ್ಲ. ಇದನ್ನು ಬಸ್ತ್ಯಾಂವನೇ ಹೇಳುತ್ತಿದ್ದ. ಬೇರೆ ಯಾರೂ ಹೇಳುತ್ತಿರಲಿಲ್ಲವಲ್ಲ! ಪಾದ್ರಿಗಳ ನಿಲುವಂಗಿ ಹೊಲಿಯುವವನು ಅವನು. ಅಳತೆ ತೆಗೆಯುವಾಗ ಅವರ ಪುಣ್ಯ ಒಂದಿಷ್ಟು ತನ್ನ ಟೇಪಿಗೂ ಅಂಟಿದೆಯೆಂದು ನಂಬಿದ್ದ.

ಈ ನೆಮ್ಮದಿಗೆ ಮುಳ್ಳಾದವನು ಎದುರುಮನೆಯ ಲಾದ್ರು, ಚಿಕ್ಕಪ್ಪನ ಮಗ. ಅಜ್ಜನ ಕಾಲದಲ್ಲಿ ಊರಿನ ಚರ್ಚು ಒಡೆದಾಗ ಬಸ್ತ್ಯಾಂವನ ಕಡೆಯವರು ರೋಮಿನ ಇಗರ್ಜಿಯಲ್ಲೇ ಉಳಿದರು, ಲಾದ್ರುವಿನ ಕಡೆಯವರು ಸಿರಿಯನ್ ಇಗರ್ಜಿಗೆ ಹೋದರು. ಅಂದಿನಿಂದ ಎರಡೂ ಮನೆಯವರು ಒಟ್ಟಿಗೆ ಕೂತು ಉಂಡಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸಿನ ದಿನಗಳಲ್ಲಿ ಬಸ್ತ್ಯಾಂವನ ಮನೆಯಲ್ಲಿ ಮಾಂಸ ಮಾತ್ರ ಬಂದ್, ಮೀನಿಗೆ ಅಡ್ಡಿಯಿಲ್ಲ. ಲಾದ್ರುವಿನ ಮನೆಯಲ್ಲಿ ಮೀನು, ಮೊಟ್ಟೆ, ಹಾಲು ಕೂಡ ಬಂದ್. "ಉಪಾಸು ಅಂದ್ರೆ ಲಾದ್ರು ಪೊರ್ಬುಗಳದ್ದ್" ಎಂದು, ಕ್ರೈಸ್ತರನ್ನು ಗೌರವದಿಂದ ಪೊರ್ಬುಗಳೆನ್ನುವ ಪೇಟೆಯವರು ಹೇಳಿದಾಗಲೆಲ್ಲ ಬಸ್ತ್ಯಾಂವನ ಬಾಯಲ್ಲಿದ್ದ ಬಂಗುಡೆ ಮೀನು ಸಪ್ಪೆಯಾಗುತ್ತಿತ್ತು.

೧೯೪೩ರಲ್ಲಿ ಬಸ್ತ್ಯಾಂವನಿಗೆ ಈ ಹೊಗಳಿಕೆ ತಡೆಯಲಾಗಲಿಲ್ಲ. ತಪಸ್ಸಿನ ಮೊದಲ ದಿನ, ಬೂದಿ ಬುಧವಾರ, ಹಣೆಗೆ ಬೂದಿ ಹಾಕಿಸಿಕೊಂಡು ಬಂದವನೇ ಮೀನನ್ನೂ ಬಿಟ್ಟ. ಉಪವಾಸ ಯಾರಿಗೂ ತಿಳಿಯಬಾರದು, ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಪಾದ್ರಿಗಳು ಇಗರ್ಜಿಯ ಪ್ರವಚನದಲ್ಲಿ ಹೇಳಿದ್ದರು. ಬಸ್ತ್ಯಾಂವ ಎಷ್ಟು ಎಣ್ಣೆ ಹಚ್ಚಿದನೆಂದರೆ ಅಂಗಡಿಗೆ ಬಂದವರೆಲ್ಲ ಕಾರಣ ಕೇಳಿದರು. ಕೇಳಿದ ಮೇಲೆ ಹೇಳದಿದ್ದರೆ ಸುಳ್ಳಾಡಿದ ಹಾಗಲ್ಲವೇ? ಹೇಳಿದ.

ಹದಿಮೂರನೆಯ ದಿನ ಮೀನು ಮಾರುವ ಜಲಜ ಅಂಗಡಿಯೆದುರು ಬುಟ್ಟಿ ಇಳಿಸಿ ಬೆವರೊರೆಸಿಕೊಂಡಳು. ತಾಜಾ ಬಂಗುಡೆ. ಬಸ್ತ್ಯಾಂವನಿಗೆ ಸೂಜಿಯ ಕಣ್ಣೇ ಕಾಣಿಸಲಿಲ್ಲ.

"ಲಾದ್ರು ಮನೆಗ್ ಹೋಯ್ಲಿಲ್ಯಾ?"

"ಎಂತಕ್ ಹೋಪುದ್? ಹೆಂಡ್ತಿಗ್ ಉಪಾಸು ಅಂದ್ಹೇಳಿ ಈಗ ಬ್ಯಾಡ, ಲಾದ್ರು ಪೊರ್ಬುಗಳಿಗ್ ಯಾವತ್ತೂ ಬ್ಯಾಡ."

"ಯಾವತ್ತೂ ಅಂದ್ರೆ?"

"ನಿಮ್ಗೆ ಗೊತ್ತಿಲ್ಯಾ ಪೊರ್ಬುಗಳೇ? ಅವ್ರ್ ಮೀನ್ ತಿಂಬುದೇ ಇಲ್ಲೆ. ಒಂದ್ ತುಂಡ್ ತಿಂದ್ರೆ ಮೈಯೆಲ್ಲ ತುರ್ಸತ್ತಂಬ್ರ್!"

ಬಸ್ತ್ಯಾಂವ ಸೂಜಿ ಕೆಳಗಿಟ್ಟ. ಇಷ್ಟು ವರ್ಷ ತಾನು ಹೊಟ್ಟೆ ಉರಿಸಿಕೊಂಡದ್ದು ಒಂದು ತುರಿಕೆಯ ಮೇಲೆ!

"ನಾಲ್ಕ್ ಬಂಗುಡೆ ಹಾಕ್."

"ಅಯ್ಯೋ, ನಿಮ್ಗಾ?" ಜಲಜ ಬುಟ್ಟಿಯ ಮೇಲೆ ಬಾಳೆ ಎಲೆ ಎಳೆದಳು. "ನೀವ್ ಮೀನ್ ಬಿಟ್ಟದ್ದ್ ಬಾರ್ಕೂರ್ ತನಕ ಹೇಳ್ಕಂಡ್ ಬಂದೆ. ಲಾದ್ರು ಪೊರ್ಬುಗಳೇ ಹೇಳ್ರ್, 'ಬಸ್ತ್ಯಾಂವನ ಮುಂದೆ ನಂದೆಂತದ್' ಅಂದ್ಹೇಳಿ."

"ಲಾದ್ರು ಹಾಂಗ್ ಹೇಳ್ದನಾ?"

"ದೇವ್ರಾಣೆ. ಮುಖ ಸಣ್ಣ ಮಾಡ್ಕಂಡ್ ಹೇಳ್ರ್."

ಬಸ್ತ್ಯಾಂವ ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆಳೆದುಕೊಂಡ. ಬಂಗುಡೆ ಜಲಜಳ ತಲೆಯೇರಿ ಹೊರಟುಹೋಯಿತು. ಈಸ್ಟರಿಗೆ ಇನ್ನೂ ಐದು ವಾರ. ಅವನು ತಲೆಗೆ ಮತ್ತಷ್ಟು ಎಣ್ಣೆ ಹಚ್ಚಿಕೊಂಡ. ಆಮೇಲೆ ಮೊಣಕೈಯನ್ನು ಸುಮ್ಮನೆ ಕೆರೆದು ನೋಡಿದ, ಲಾದ್ರುವಿನ ಹಾಗೆ ತನಗೂ ಎಲ್ಲಾದರೂ ತುರಿಕೆ ಶುರುವಾಗಿದೆಯೇ ಎಂದು.