‘ಪಾಪ’ ಅಂದವಳು ನಾನೇ

ಶೈಲಾಳ ಅನ್ನಕ್ಕೆ ಕಲ್ಲು ಹಾಕಿದವಳು ನಾನು. ಚಾಡಿ ಹೇಳಲಿಲ್ಲ, ಅವಳ ಮೇಲೆ ದೂರು ಕೊಡಲಿಲ್ಲ. ‘ಪಾಪ’ ಅಂದೆ — ಅಷ್ಟೇ. ಎರಡೇ ಅಕ್ಷರ. ಕನಿಕರಕ್ಕೂ ನಮ್ಮಲ್ಲಿ ಅದೇ ಮಾತು, ಮಾಡಬಾರದ್ದನ್ನು ಮಾಡಿದ್ದಕ್ಕೂ ಅದೇ ಮಾತು. ಬಾಯಲ್ಲಿ ಮೊದಲನೆಯದನ್ನು ಆಡಿ, ಮನಸ್ಸಿನಲ್ಲಿ ಎರಡನೆಯದನ್ನು ಮಾಡಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಾನೇನು ಸುಳ್ಳು ಹೇಳಿದೆನೇ, ಕನಿಕರ ತೋರಿಸಿದ್ದೂ ತಪ್ಪೇ ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡು — ಹಾಳಾಗಲಿ, ಆ ಸಮಾಧಾನದ ಕಥೆ ಬೇಡ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಹೆಸರು ನಾಗರತ್ನ. ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ಹತ್ತಿರದ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಇನ್‌ಚಾರ್ಜ್. ರಕ್ತ ತೆಗೆಯುತ್ತಾ ತೆಗೆಯುತ್ತಾ ಮೇಲೆ ಬಂದವಳು. ಕೆಲಸದಲ್ಲಿ ಖಡಕ್ಕು, ಮಾತಿನಲ್ಲಿ ಇನ್ನೂ ಖಡಕ್ಕು. ಹುಡುಗಿಯರು ನನ್ನ ಬೆನ್ನ ಹಿಂದೆ ‘ದಪ್ಪ ಸೂಜಿ’ ಅನ್ನುತ್ತಾರೆ, ನನಗೆ ಗೊತ್ತಿಲ್ಲವೇ? ಅನ್ನಲಿ ಬಿಡಿ. ಆದರೆ ಒಂದು ಮಾತು — ನನ್ನ ಕೈ ತಪ್ಪುವುದಿಲ್ಲ. ಒಂದೇ ಸಲಕ್ಕೆ ನರ ಸಿಗುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದಿನದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ನಮ್ಮಲ್ಲಿ ರಕ್ತ ಕೊಡುವುದಕ್ಕೆ ಎರಡು ಕುರ್ಚಿ. ಒಂದರ ಪಕ್ಕ ನಾನು, ಇನ್ನೊಂದರ ಪಕ್ಕ ಶೈಲಾ. ಚಾಮರಾಜಪೇಟೆಯ ಹುಡುಗಿ, ಗಂಡ ಕಾಟನ್‌ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಕೆಲಸಕ್ಕೆ ಸೇರಿದಾಗ ಸೂಜಿ ಹಿಡಿಯಲು ಕೈ ನಡುಗುತ್ತಿತ್ತು ಅವಳಿಗೆ. ಕೈ ಹಿಡಿದು ಕಲಿಸಿದವಳು ನಾನೇ. ವರ್ಷ ತುಂಬುವುದರೊಳಗೆ ಬಡಾವಣೆಯ ಮುದುಕರೆಲ್ಲ ಒಂದೇ ರಾಗ — ‘ಶೈಲಾ ಕೈ ಹಗುರ. ಚುಚ್ಚಿದ್ದೇ ಗೊತ್ತಾಗಲ್ಲ.’

ಬೆಳಗ್ಗೆ ಬರುವವರೆಲ್ಲ ಖಾಲಿ ಹೊಟ್ಟೆಯವರು. ರಾತ್ರಿಯಿಂದ ಏನೂ ತಿಂದಿರುವುದಿಲ್ಲ, ಕಾಫಿಯೂ ಇಲ್ಲ. ಬಸವನಗುಡಿಯವರಿಗೆ ಕಾಫಿ ಇಲ್ಲದ ಬೆಳಗು ಅಂದರೆ ಅದಕ್ಕಿಂತ ಬೇರೆ ಶಿಕ್ಷೆ ಬೇಡ. ಯಾವಾಗ ರಕ್ತ ಕೊಟ್ಟು ಹೋಟೆಲಿಗೆ ಓಡುತ್ತೇವೋ ಅನ್ನುವ ಹಾಗೆ ಕೂತಿರುತ್ತಾರೆ. ಅಂಥವರು, ನನ್ನ ಕುರ್ಚಿ ಖಾಲಿ ಇದ್ದರೂ ಏಳುತ್ತಿರಲಿಲ್ಲ. ಒಬ್ಬರು ಮೇಷ್ಟ್ರಿದ್ದರು, ಸಕ್ಕರೆ ಕಾಯಿಲೆಯವರು. ಹಸಿವಿಗೆ ಅವರ ಕೈ ನಡುಗುತ್ತಿತ್ತು.

“ಬನ್ನಿ ಮೇಷ್ಟ್ರೇ, ನಾನು ತೆಗೀತೀನಿ,” ಅಂದೆ.

“ಪರವಾಗಿಲ್ಲಮ್ಮ, ನನಗೇನು ಅರ್ಜೆಂಟಿಲ್ಲ. ಆ ಹುಡುಗೀನೇ ತೆಗೀಲಿ.”

ಅರ್ಜೆಂಟಿಲ್ಲವಂತೆ! ಅವಳ ಮುಂದೆ ಸಾಲು, ನನ್ನ ಮುಂದೆ ಖಾಲಿ ಕುರ್ಚಿ. ನಾನು ಸುಮ್ಮಸುಮ್ಮನೆ ಹತ್ತಿ ಉಂಡೆ ಮಾಡುತ್ತಾ, ಟ್ರೇ ಒರೆಸುತ್ತಾ ನಿಂತಿರುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಉರಿ ಅಂದರೆ ಸುಮ್ಮನೆ ಮಾತಿಗಲ್ಲ — ನಿಜವಾಗಿ, ಎದೆಯ ಕೆಳಗೆ, ಹಸಿಮೆಣಸಿನಕಾಯಿ ಅಗಿದ ಹಾಗೆ. ಒಮ್ಮೆ ಒಂದು ಮಗುವಿನ ಕೈಯಲ್ಲಿ ಶೈಲಾಳಿಗೆ ನರ ಸಿಗದೆ ಮತ್ತೆ ಚುಚ್ಚಬೇಕಾಯಿತು. ಮಗು ಕಿರುಚಿತು, ಅದರ ತಾಯಿ ಬೈದಳು. ಆವತ್ತು ಮಧ್ಯಾಹ್ನ ಡಬ್ಬಿಯ ಊಟ ನನಗೆ ಎಷ್ಟು ರುಚಿಸಿತು ಅಂದರೆ — ಇದನ್ನು ಬರೆಯುವುದಕ್ಕೂ ನಾಚಿಕೆ. ತಣ್ಣಗಾದ ಹುಳಿಯನ್ನ ಚಪ್ಪರಿಸಿಕೊಂಡು ತಿಂದೆ.

ಅವಳ ಗುಟ್ಟೇನು ಅಂತ ಕದ್ದು ನೋಡುತ್ತಿದ್ದೆ. ಸೂಜಿ ಹಿಡಿಯುವುದು ನಾನು ಕಲಿಸಿದ ಹಾಗೆಯೇ. ಚುಚ್ಚುವ ಮುಂಚೆ ಅವರ ಅಂಗೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು, ‘ಮೊಮ್ಮಗಳು ಹೇಗಿದ್ದಾಳೆ ಅಜ್ಜಿ?’ ಅಂತ ಏನಾದರೂ ಕೇಳುತ್ತಿದ್ದಳು. ಅಷ್ಟೇ. ನಾನೂ ಒಂದು ದಿನ ಹಾಗೇ ಮಾಡಿ ನೋಡಿದೆ. ಆ ಹೆಂಗಸು ಕೈ ಹಿಂದಕ್ಕೆಳೆದುಕೊಂಡು, “ಯಾಕ್ ಮೇಡಂ, ರಿಪೋರ್ಟಲ್ಲಿ ಏನಾದ್ರೂ ಕೆಟ್ಟದ್ದಿದ್ಯಾ?” ಅಂದಳು. ಹುಡುಗಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಶೈಲಾ ಮಾತ್ರ ನಗಲಿಲ್ಲ. ಅವಳು ನಗದಿದ್ದದ್ದಕ್ಕೂ ನನಗೆ ಸಿಟ್ಟು ಬಂತು.

ಆಗಲೇ ಮಲ್ಲೇಶ್ವರದಲ್ಲಿ ಲ್ಯಾಬಿನ ಎರಡನೆಯ ಶಾಖೆ ತೆರೆಯುವ ಮಾತು ಬಂದದ್ದು. ಅಲ್ಲಿಗೊಬ್ಬ ಇನ್‌ಚಾರ್ಜ್ ಬೇಕು. ಸಂಬಳ ಜಾಸ್ತಿ, ಹೆಸರು ಜಾಸ್ತಿ. ಶೈಲಾ ಊಟದ ಹೊತ್ತಿನಲ್ಲಿ ನನ್ನ ಪಕ್ಕ ಬಂದು ಕೂತಳು.

“ಅಕ್ಕ, ಡಾಕ್ಟರ ಹತ್ರ ನನ್ನ ಹೆಸರು ಸ್ವಲ್ಪ ಹೇಳ್ತೀರಾ? ನೀವು ಹೇಳಿದ್ರೆ ಆಗುತ್ತೆ.”

“ಹೇಳ್ತೀನಿ ಬಿಡೇ,” ಅಂದೆ.

ಹೇಳಿದೆ. ಹೇಗೆ ಹೇಳಿದೆ ಅನ್ನುವುದನ್ನು ಕೇಳಿ.

ನಮ್ಮ ಲ್ಯಾಬಿನ ಮಾಲೀಕರೇ ಡಾಕ್ಟರು. ಸಾಧು ಮನುಷ್ಯ. ಯಾರ ಕಷ್ಟ ಕೇಳಿದರೂ ಕರಗಿ ನೀರಾಗುವವರು — ಅದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಮಧ್ಯಾಹ್ನ ಕಾಫಿ ಕುಡಿಯುತ್ತಾ ಅವರಾಗಿಯೇ ಕೇಳಿದರು: “ಮಲ್ಲೇಶ್ವರಕ್ಕೆ ಶೈಲಾನ ಹಾಕೋಣ ಅಂತಿದೀನಿ. ನೀವೇನಂತೀರಾ ನಾಗರತ್ನ ಅವರೇ?”

“ಒಳ್ಳೆ ಹುಡುಗಿ ಸರ್,” ಅಂದೆ. ಆಮೇಲೆ ಒಂದು ಉಸಿರು ಬಿಟ್ಟೆ. “ಪಾಪ...”

“ಯಾಕೆ? ಏನಾದ್ರೂ ತೊಂದರೆನಾ?”

ಇಲ್ಲಿ — ಸರಿಯಾಗಿ ಇಲ್ಲಿ — ‘ಏನೂ ಇಲ್ಲ ಸರ್, ಬಾಯಿಗೆ ಬಂತು ಅಂದೆ’ ಅನ್ನಬಹುದಿತ್ತು. ಬಾಗಿಲು ತೆರೆದೇ ಇತ್ತು.

“ಏನಿಲ್ಲ ಬಿಡಿ ಸರ್. ಪಾಪ, ಅವಳು ಹೇಳ್ಕೊಳ್ಳೋದೂ ಇಲ್ಲ.”

ಅವರು ಲೋಟ ಕೆಳಗಿಟ್ಟರು. “ಅಯ್ಯೋ, ಮನೇಲೇನೋ ಇರ್ಬೇಕು. ಹಾಗಿದ್ರೆ ಈಗ ಹೊಸ ಜವಾಬ್ದಾರಿ ಹೊರಿಸೋದು ಬೇಡ, ಅಲ್ವಾ?”

“ನೀವು ಹೇಗೆ ಹೇಳಿದ್ರೆ ಹಾಗೆ ಸರ್.”

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿದುಹೋಯಿತು. ಅವಳ ಮನೆಯಲ್ಲಿ ಏನಿತ್ತು? ಏನೂ ಇರಲಿಲ್ಲ! ಗಂಡ ಒಳ್ಳೆಯವನು, ಅತ್ತೆ ಒಳ್ಳೆಯವಳು, ಮಗಳು ಶಾಲೆಯಲ್ಲಿ ಚುರುಕು. ನಾನು ಏನನ್ನೂ ಹೇಳಲೇ ಇಲ್ಲ. ಏನಿರಬಹುದು ಅನ್ನುವುದನ್ನು ಆ ಪುಣ್ಯಾತ್ಮರೇ ತುಂಬಿಕೊಂಡರು. ಚುಚ್ಚಿದ್ದೇ ಗೊತ್ತಾಗದ ಹಾಗೆ ಚುಚ್ಚುವುದು ನನಗೂ ಬರುತ್ತದೆ ಅಂತ ಆವತ್ತು ಗೊತ್ತಾಯಿತು.

ಮಲ್ಲೇಶ್ವರಕ್ಕೆ ಹೊರಗಿನವರೊಬ್ಬರು ಬಂದರು. ಅಲ್ಲಿಗೇ ನಿಂತಿದ್ದರೆ ಎಷ್ಟೋ ವಾಸಿಯಿತ್ತು — ಆದರೆ ಆ ಮಾತು ನಿಲ್ಲಲಿಲ್ಲ. ಶೈಲಾಳನ್ನು ಬೇಗ ಮನೆಗೆ ಕಳಿಸಿ ಅಂತ ಡಾಕ್ಟರು ರಿಸೆಪ್ಷನಿನ ಗೀತಾಗೆ ಹೇಳಿದರು. ಯಾಕೆ ಸರ್ ಅಂದಿದ್ದಕ್ಕೆ, ‘ಪಾಪ, ಅವಳಿಗೆ ಮನೇಲಿ ಕಷ್ಟ ಇದೆಯಂತೆ’ ಅಂದರಂತೆ. ಗೀತಾಳಿಂದ ಉಳಿದವರಿಗೆ. ಎಲ್ಲರೂ ಶೈಲಾಳ ಹತ್ತಿರ ಮೆತ್ತಗೆ ಮಾತಾಡತೊಡಗಿದರು. ‘ಮನೇಲಿ ಎಲ್ಲಾ ಸರಿ ಇದ್ಯಾ?’ ಅಂತ ಭುಜ ಮುಟ್ಟಿ ಕೇಳತೊಡಗಿದರು. ‘ಸರಿ ಇದೆಯಲ್ಲ’ ಅಂದರೆ, ‘ಪಾಪ, ಹೇಳ್ಕೊಳ್ಳಲ್ಲ ನೋಡು’ ಅನ್ನುವರು. ಇಲ್ಲ ಅಂದಷ್ಟೂ ಇದೆ ಅಂತಾಗುತ್ತಿತ್ತು.

ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಹತ್ತಿರವೇ ಬಂದಳು. “ಅಕ್ಕ, ನನಗೇನೋ ಆಗಿದೆ ಅಂತ ಎಲ್ಲಾರೂ ಅಂದ್ಕೊಂಡಿದಾರೆ. ಏನಂತ ನಿಮಗೇನಾದ್ರೂ ಗೊತ್ತಾ?”

“ನಿನಗೆಲ್ಲೋ ಭ್ರಮೆ ಕಣೇ,” ಅಂದೆ.

ಡಾಕ್ಟರ ಮುಂದೆ ಪಾಪ ಅಂದದ್ದು ಹೊಟ್ಟೆಕಿಚ್ಚಿಗೆ. ಈ ಎರಡನೆಯದಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ. ಕೆಲವು ತಿಂಗಳಾದ ಮೇಲೆ ಅವಳು ಕೆಲಸ ಬಿಟ್ಟಳು. ಹೋಗುವ ದಿನ ಗಾಂಧಿ ಬಜಾರಿನಿಂದ ಎರಡು ಮೊಳ ಮಲ್ಲಿಗೆ ತಂದು, ‘ನೀವೇ ಕಲ್ಸಿದ್ದು ಅಕ್ಕ’ ಅಂತ ನನ್ನ ಕೈಗಿಟ್ಟಳು. ಮುಡಿದುಕೊಂಡೆ. ಮಾರನೆಯ ದಿನದಿಂದ ಮೇಷ್ಟ್ರು ನನ್ನ ಕುರ್ಚಿಗೆ ಬಂದು ಕೂತರು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು.

ಹಾಗೇ ಇದ್ದುಬಿಡುತ್ತಿದ್ದೆನೋ ಏನೋ. ಹೋದ ತಿಂಗಳು ಮಲ್ಲೇಶ್ವರದ ಸಂಪಿಗೆ ರಸ್ತೆಯ ಹೋಟೆಲೊಂದರ ಹಾಲಿನಲ್ಲಿ ನಮ್ಮಂಥ ಇನ್‌ಚಾರ್ಜ್‌ಗಳಿಗೆಲ್ಲ ತರಬೇತಿ ಇಟ್ಟಿದ್ದರು — ಕೈಕೆಳಗಿನವರನ್ನು ಹೇಗೆ ನಡೆಸಿಕೊಳ್ಳಬೇಕು, ಒಳ್ಳೆಯ ನಾಯಕತ್ವ ಅಂದರೇನು, ಅಂಥದ್ದು. ಕೊನೆಗೆ ಒಬ್ಬೊಬ್ಬರೂ ಎದ್ದು ನಿಂತು ಒಂದು ಸಂಕಲ್ಪ ಹೇಳಬೇಕು ಅಂದರು. ನನ್ನ ಸರದಿ ಬಂತು. “ನನ್ನ ಕೈಕೆಳಗಿನವರು ಮೇಲೆ ಬರೋದಕ್ಕೆ ನಾನು ಏಣಿ ಆಗ್ತೀನಿ,” ಅಂದೆ. ಎಲ್ಲಿಂದ ಬಂತೋ ಆ ಮಾತು! ಹಾಲ್ ತುಂಬಾ ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ನಮ್ಮ ಡಾಕ್ಟರು ಹಿಂತಿರುಗಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು:

“ಇವರು ಆಗ್ಲೇ ಹಾಗಿದಾರೆ. ನಮ್ಮಲ್ಲಿ ಶೈಲಾ ಅಂತ ಒಬ್ಬಳಿದ್ದಳು, ಪಾಪ. ಆ ಹುಡುಗಿಗೆ ಇವರು ತಾಯಿ ಥರ ಇದ್ರು.”

ಮತ್ತೆ ಚಪ್ಪಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅನ್ನಲಿಲ್ಲ, ಹಾರ ಹಾಕಿದರು. ನನಗೆ ಕೂರುವುದಕ್ಕೂ ಆಗಲಿಲ್ಲ, ನಿಲ್ಲುವುದಕ್ಕೂ ಆಗಲಿಲ್ಲ.

ಶೈಲಾ ಈಗ ಬೇರೊಂದು ಲ್ಯಾಬಿಗಾಗಿ ಮನೆಮನೆಗೆ ಹೋಗಿ ರಕ್ತ ತೆಗೆಯುತ್ತಾಳೆ ಅಂತ ಗೊತ್ತಿತ್ತು. ಅವಳೇ ಬರಲಿ ಅಂತ ಹೇಳಿ, ಆ ಲ್ಯಾಬಿನಲ್ಲಿ ನನ್ನ ಹೆಸರಿಗೇ ಒಂದು ರಕ್ತಪರೀಕ್ಷೆ ಬುಕ್ ಮಾಡಿದೆ. ಬೆಳಗ್ಗೆ ನಮ್ಮ ಮನೆ ಮುಂದೆ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ಒಳಗೆ ಬಂದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು.

“ಅಕ್ಕ! ಯಾರೋ ಬೇರೆ ನಾಗರತ್ನ ಅಂದ್ಕೊಂಡಿದ್ದೆ. ನಿಮಗೇನಾಯ್ತು?”

“ಏನಿಲ್ಲ, ವಯಸ್ಸಾಯ್ತಲ್ಲ,” ಅಂತ ತೋಳು ಚಾಚಿದೆ.

ಇಷ್ಟು ವರ್ಷದಲ್ಲಿ ಅವಳ ಕೈಗೆ ನನ್ನ ಕೈ ಕೊಟ್ಟಿರಲೇ ಇಲ್ಲ. ನನ್ನ ಅಂಗೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡಳು. ಏನೋ ಕೇಳಿದಳು. ನಾನು ಉತ್ತರ ಕೊಡುವಷ್ಟರಲ್ಲಿ ಟ್ಯೂಬು ತುಂಬಿತ್ತು. ನಿಜವಾಗಿಯೂ — ಚುಚ್ಚಿದ್ದೇ ಗೊತ್ತಾಗಲಿಲ್ಲ. ಆಗ ನನಗೆ ಮೊದಲು ಬಂದದ್ದು ಪಶ್ಚಾತ್ತಾಪ ಅಂದುಕೊಂಡಿರಾ? ಅಲ್ಲ. ಹೊಟ್ಟೆಕಿಚ್ಚೇ. ಅದೇ ಜಾಗದಲ್ಲಿ, ಅದೇ ಹಸಿಮೆಣಸಿನಕಾಯಿ. ಇಂಥ ಕೈ ಇವಳಿಗೆ ಯಾಕೆ, ನನಗೆ ಯಾಕಿಲ್ಲ! ಆ ಉರಿ ಇನ್ನೂ ಇರುವಾಗಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ಎಂದೂ ಹೇಳುತ್ತಿರಲಿಲ್ಲ.

“ಶೈಲಾ, ಮಲ್ಲೇಶ್ವರ ನಿನಗೆ ತಪ್ಪಿಸಿದ್ದು ನಾನು.”

ಅವಳು ಹತ್ತಿ ಇಟ್ಟು, “ಒತ್ತಿ ಹಿಡ್ಕೊಳ್ಳಿ,” ಅಂದಳು. ಟ್ಯೂಬಿನ ಮೇಲೆ ನನ್ನ ಹೆಸರು ಬರೆದಳು. ಆಮೇಲೆ ಕೇಳಿದಳು: “ಏನಂತ ಹೇಳಿದ್ರಿ?”

“ಪಾಪ ಅಂದೆ.”

“ಅಷ್ಟೇನಾ?”

“ಅಷ್ಟೇ.”

ಟ್ಯೂಬನ್ನು ತನ್ನ ಪೆಟ್ಟಿಗೆಯೊಳಗೆ ಇಟ್ಟಳು. “ಗೀತಾ ಒಂದಿನ ಗಾಂಧಿ ಬಜಾರಲ್ಲಿ ನಮ್ಮನೆಯವರನ್ನ ನೋಡಿ, ‘ಶೈಲಾನ ಚೆನ್ನಾಗಿ ನೋಡ್ಕೊಳ್ಳಿ, ಪಾಪ, ಎಲ್ಲಾ ಒಳಗೇ ನುಂಗ್ಕೋತಾಳೆ’ ಅಂದ್ಲಂತೆ. ಅವರು ಮನೆಗೆ ಬಂದು, ‘ನನ್ನ ಬಗ್ಗೆ ಅಲ್ಲಿ ಏನೇನು ಹೇಳಿದೀಯಾ’ ಅಂತ ಕೇಳಿದ್ರು. ಏನೂ ಹೇಳಿಲ್ಲ ಅಂದ್ರೆ ನಂಬ್ಲಿಲ್ಲ ಅಕ್ಕ. ಆವತ್ತಿಂದ ನಮ್ಮನೇಲಿ ನಿಜವಾಗ್ಲೂ ಕಷ್ಟ ಶುರುವಾಯ್ತು. ಅದಕ್ಕೇ ಕೆಲಸ ಬಿಟ್ಟಿದ್ದು.”

ನನ್ನ ಬಾಯಿಂದ ಆ ಎರಡಕ್ಷರ ಮತ್ತೆ ಹೊರಡುವುದರಲ್ಲಿತ್ತು. ಹಲ್ಲು ಕಚ್ಚಿ ತಡೆದುಕೊಂಡೆ.

ಅವಳು ಪೆಟ್ಟಿಗೆ ಮುಚ್ಚಿದಳು. “ಡಾಕ್ಟರಿಗೆ ಹೇಳಿದೀರಾ ಇದನ್ನ?”

“ಇನ್ನೂ ಇಲ್ಲ.”

“ಮೊದ್ಲು ಅಲ್ಲಿ ಹೇಳ್ಬೇಕಿತ್ತಲ್ವಾ,” ಅಂದಳು. ಕೊನೆಗೆ ಅಕ್ಕ ಅನ್ನಲಿಲ್ಲ. ಕಾಫಿ ಕುಡಿದು ಹೋಗು ಅಂದೆ. ಇನ್ನೂ ನಾಲ್ಕಾರು ಮನೆ ಇದೆ ಅಂತ ಹೆಲ್ಮೆಟ್ ಹಾಕಿಕೊಂಡಳು. ಕ್ಷಮಿಸಿದೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಯಾಕೆ ಹೇಳಬೇಕು? ನನ್ನ ಹೊರೆ ಇಳಿಸಿಕೊಳ್ಳುವುದಕ್ಕೆ ಅವಳನ್ನು ಮನೆಗೆ ಕರೆಸಿದವಳು ನಾನು. ಅವಳ ಹೆಸರು ಹಾಳಾದದ್ದು ಅಲ್ಲಿ, ಲ್ಯಾಬಿನಲ್ಲಿ.

ಮಾರನೆಯ ದಿನ ಡಾಕ್ಟರ ಕೋಣೆಗೆ ಹೋದೆ. “ಸರ್, ಶೈಲಾ ಮನೇಲಿ ಆಗ ಯಾವ ತೊಂದರೇನೂ ಇರ್ಲಿಲ್ಲ. ನನಗೆ ಹೊಟ್ಟೆಕಿಚ್ಚಿತ್ತು. ನಿಮಗೆ ಹಾಗನ್ನಿಸ್ಲಿ ಅಂತಾನೇ ಪಾಪ ಅಂದೆ. ಅವಳು ಮಲ್ಲೇಶ್ವರಕ್ಕೆ ಎಲ್ಲಾ ರೀತೀಲೂ ಯೋಗ್ಯಳಾಗಿದ್ದಳು. ಈಗ್ಲೂ ಇದಾಳೆ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರ ಕಣ್ಣು ಮೆತ್ತಗಾಯಿತು. ಆ ಮೆತ್ತಗಾಗುವುದನ್ನು ನಾನು ಬಲ್ಲೆ.

“ಎಷ್ಟು ಹಚ್ಕೊಂಡಿದೀರಿ ಆ ಹುಡುಗೀನ! ಅವಳು ಹೋಗಿದ್ದಕ್ಕೆ ನಿಮ್ಮನ್ನೇ ನೀವು ಬೈಕೋತಿದೀರಿ. ಪಾಪ, ಸುಸ್ತಾಗಿದೀರಿ ನಾಗರತ್ನ ಅವರೇ. ಎರಡು ದಿನ ರಜಾ ತೊಗೊಳ್ಳಿ.”

ಶೈಲಾ ದಿನಾ ಹೀಗೇ ನಿಂತಿರುತ್ತಿದ್ದಳು — ನಿಜ ಹೇಳಿದರೂ ಯಾರೂ ನಂಬುತ್ತಿರಲಿಲ್ಲ, ಎಲ್ಲರೂ ಕನಿಕರಪಡುತ್ತಿದ್ದರು. ರಜ ತೆಗೆದುಕೊಂಡು ಮನೆಗೆ ಹೋಗಬಹುದಿತ್ತು. ಹೇಳಿದ್ದಂತೂ ಹೇಳಿದ್ದಾಯಿತಲ್ಲ. ಈ ಸಲವೂ ಬಾಗಿಲು ತೆರೆದೇ ಇತ್ತು.

“ಸುಸ್ತಾಗಿಲ್ಲ ಸರ್,” ಅಂದೆ. ಬಾಗಿಲು ಹಾಕಿ ಬಂದು, ಕುರ್ಚಿ ಎಳೆದುಕೊಂಡು ಅವರೆದುರು ಕೂತೆ. ಮತ್ತೆ ಮೊದಲಿನಿಂದ ಹೇಳತೊಡಗಿದೆ.